ಬ್ರೇಕಿಗೆ ಹಚ್ಚಿದ ನೇಲ್ ಪಾಲಿಶ್

ಮೊನ್ನೆ ಸ್ಪ್ಯಾನರ್ ಡಬ್ಬ ಬರಿದು ಮಾಡಿ ಒರೆಸುತ್ತಿದ್ದೆ. ತಳದಲ್ಲಿ ಒಂದು ನೇಲ್ ಪಾಲಿಶ್ ಬಾಟಲಿ ಸಿಕ್ಕಿತು. ಗುಲಾಬಿ ಬಣ್ಣದ್ದು, ಮುಕ್ಕಾಲು ಒಣಗಿ ಹೋಗಿದೆ. ನಾನು ಉಗುರಿಗೆ ಬಣ್ಣ ಹಚ್ಚುವವಳಲ್ಲ. ಇಪ್ಪತ್ತು ವರ್ಷದಿಂದ ದೊಡ್ಡಬಳ್ಳಾಪುರದಲ್ಲಿ ಹಲ್ಲಿನ ಡಾಕ್ಟರು. ದಿನವಿಡೀ ಗ್ಲೌಸಿನೊಳಗೆ ಬೆವರುವ ಬೆರಳುಗಳಿಗೆ ಶೃಂಗಾರ ಯಾಕೆ? ಆ ಬಾಟಲಿಯನ್ನು ಕೊಂಡದ್ದು ಕಾರಿನ ಬ್ರೇಕಿಗೆ ಹಚ್ಚಲಿಕ್ಕೆ. ಹೀಗೆಂದ ತಕ್ಷಣ ನಿಮ್ಮ ಹುಬ್ಬು ಏರಿದ್ದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಸ್ವಲ್ಪ ತಾಳಿ, ಹೇಳುತ್ತೇನೆ.

ಅನುಮಾನ ನನ್ನ ಕಸುಬಿನಲ್ಲೇ ಇದೆ. "ದಿನಾ ಎರಡು ಸಲ ಉಜ್ತೀನಿ ಡಾಕ್ಟ್ರೇ" ಎನ್ನುತ್ತಾ ಬಾಯಿ ತೆರೆಯುವವರನ್ನೆಲ್ಲ ನಂಬಿದ್ದರೆ ನನ್ನ ಕ್ಲಿನಿಕ್ಕು ಎಂದೋ ಮುಚ್ಚುತ್ತಿತ್ತು. ಎಲೆ ಅಡಿಕೆ ಬಿಟ್ಟು ಆರು ತಿಂಗಳಾಯಿತು ಎಂದು ದೇವರ ಮೇಲೆ ಆಣೆ ಇಡುವ ಅಜ್ಜಿಯ ನಾಲಿಗೆ ಆಗಷ್ಟೇ ಹಾಕಿಕೊಂಡ ಎಲೆಯಿಂದ ಕೆಂಪಗಿರುತ್ತದೆ. ತಲೆಯಾಡಿಸಿ, ಲೈಟು ಹತ್ತಿರ ಎಳೆದುಕೊಳ್ಳುತ್ತೇನೆ.

ಆದರೆ ಎಲ್ಲವನ್ನೂ ಕಸುಬಿನ ತಲೆಗೆ ಕಟ್ಟುವುದು ಅನ್ಯಾಯ. ಅನುಮಾನ ನನಗೆ ಅಪ್ಪನಿಂದ ಬಂದ ಆಸ್ತಿ. ಅಪ್ಪ ತೂಬಗೆರೆ ಹತ್ತಿರದ ಹಳ್ಳಿಯಲ್ಲಿ ರಾಗಿ, ಹುರುಳಿ ಬೆಳೆಯುತ್ತಿದ್ದವರು. ಸಂತೆಗೆ ಹೊರಟರೆ ಬೀಗ ಹಾಕಿ ಮೂರು ಸಲ ಜಗ್ಗುತ್ತಿದ್ದರು. ಆಮೇಲೆ ನನ್ನ ಕೈಲಿ ಜಗ್ಗಿಸುತ್ತಿದ್ದರು. ಗಾಡಿ ಊರ ಬಾವಿ ದಾಟಿದ ಮೇಲೆ ಎತ್ತುಗಳನ್ನು ನಿಲ್ಲಿಸಿ, "ಅಮ್ಮಣ್ಣಿ, ಓಡೋಗಿ ಬೀಗ ನೋಡ್ಕೊಂಡು ಬಾ" ಎನ್ನುತ್ತಿದ್ದರು. ನಾನು ಓಡಿಹೋಗಿ ಬಂದು "ಹಾಕೈತೆ ಅಪ್ಪ" ಎಂದರೆ, ಇವಳು ಅರ್ಧ ದಾರಿಗೇ ತಿರುಗಿ ಬಂದಿರಬಹುದೇ ಎಂದು ನನ್ನ ಮುಖವನ್ನು ಒಂದು ಗಳಿಗೆ ಓದುತ್ತಿದ್ದರು. ಒಂದೆರಡು ಸಲ ಹಾಗೆ ತಿರುಗಿ ಬಂದದ್ದೂ ಉಂಟು.

ಹುಲ್ಲಿನ ಮೆದೆಗೆ ಒಂದು ಕಡ್ಡಿಯನ್ನು ಓರೆಯಾಗಿ ಸಿಕ್ಕಿಸಿ, ಬೆಳಗೆದ್ದು ಅದು ಹಾಗೇ ಇದೆಯೇ ಎಂದು ನೋಡುವುದು ಅವರ ಇನ್ನೊಂದು ಪದ್ಧತಿ. ಗಾಳಿಗೆ ಕಡ್ಡಿ ಬಿದ್ದ ದಿನ ಪಕ್ಕದ ಹೊಲದವರ ಜತೆ ಮಾತಿಲ್ಲ. ಇಂಥವರು ಎತ್ತಿನ ಹಗ್ಗವನ್ನು ಇನ್ನೊಬ್ಬರ ಕೈಗೆ ಕೊಡುವುದುಂಟೇ? ನನಗಂತೂ ಕೊಡಲೇ ಇಲ್ಲ. ಗಾಡಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತು, ಬಂದ ದಾರಿಯನ್ನೇ ನೋಡುತ್ತಾ ಹೋದದ್ದು ನನ್ನ ಬಾಲ್ಯ. ಮುಂದೆ ಕೂತು, ಹೋಗುವ ದಾರಿಯನ್ನು ನೋಡಬೇಕೆಂಬ ಆಸೆ ಒಳಗೊಳಗೇ ಕೊಳೆತು, ನಲವತ್ತಾರು ತುಂಬಿದ ಮೇಲೆ ಸ್ಪೋರ್ಟ್ಸ್ ಕಾರಾಗಿ ಹೊರಗೆ ಬಂತು. "ಬಿ.ಪಿ. ಬರೋದಕ್ಕಿಂತ ವಾಸಿ, ತಗೋ" ಎಂದರು ನಮ್ಮ ಮನೆಯವರು. ಅಷ್ಟು ಸುಲಭವಾಗಿ ಒಪ್ಪಿಕೊಂಡರಲ್ಲ, ಯಾಕಿರಬಹುದು ಎಂದು ನಾನು ಒಂದು ವಾರ ತಲೆಕೆಡಿಸಿಕೊಂಡೆ.

ಕಾರು ಎರಡೇ ಬಾಗಿಲಿನದು, ಕೆಂಪು, ನೆಲಕ್ಕೆ ಮೊಣಕಾಲೂರಿ ಕೂತಷ್ಟು ತಗ್ಗು. ಹಿಂದಿನ ಸೀಟಿನಲ್ಲಿ ಒಂದು ಮೂಟೆ ರಾಗಿ ಹಿಡಿಯಬಹುದು, ಮನುಷ್ಯರು ಹಿಡಿಯುವುದಿಲ್ಲ. ನಮ್ಮ ರಸ್ತೆಯ ಹಂಪುಗಳನ್ನು ಅದು ಏಡಿಯಂತೆ ಓರೆಯಾಗಿಯೇ ದಾಟಬೇಕು. ಸೆಕೆಂಡ್ ಹ್ಯಾಂಡ್ ಗಾಡಿ. ಮಾರಿದವರು ದೇವನಹಳ್ಳಿ ಕಡೆಯ ಒಬ್ಬ ಸೈಟು ವ್ಯಾಪಾರಿ. "ಜಾಸ್ತಿ ಓಡ್ಸೇ ಇಲ್ಲ ಮೇಡಂ. ತಿಂಗಳಿಗೊಂದ್ಸಲ ಶಿವಗಂಗೆಗೆ ಹೋಗಿ ಕೈ ಮುಗಿದ್ಬಿಟ್ಟು ಬರೋದು, ಅಷ್ಟೇ" ಎಂದರು. ದಿನಾ ಎರಡು ಸಲ ಉಜ್ಜುವವರಿಗೆ ತಲೆಯಾಡಿಸುವಂತೆಯೇ ಅವರಿಗೂ ತಲೆಯಾಡಿಸಿ, ಗಾಡಿಯನ್ನು ನೇರವಾಗಿ ಮುನಿರಾಜು ಹತ್ತಿರ ತಂದೆ.

ಮುನಿರಾಜು ತೂಬಗೆರೆ ರಸ್ತೆಯಲ್ಲಿ ಗ್ಯಾರೇಜು ಇಟ್ಟಿದ್ದಾನೆ. ನನಗಿಂತ ಏಳೆಂಟು ವರ್ಷ ಚಿಕ್ಕವನು. ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ಕಾರುಗಳ ರಿಪೇರಿ ಕಲಿತು ಊರಿಗೆ ಬಂದವನು. ಎಂಜಿನ್ನಿಗೆ ಸ್ಕ್ರೂ ಡ್ರೈವರ್ ಒತ್ತಿ, ಅದರ ಹಿಡಿಗೆ ಕಿವಿ ಕೊಟ್ಟು ಕಣ್ಣು ಮುಚ್ಚಿ ಕೇಳುತ್ತಾನೆ. ಹನ್ನೊಂದು ವರ್ಷದಿಂದ ನಮ್ಮ ಮನೆಯ ಸ್ಕೂಟರು, ಕಾರು ಎಲ್ಲ ಅವನ ಕೈಯಲ್ಲೇ. ಅವನ ಎರಡು ದವಡೆ ಹಲ್ಲು ನನ್ನ ಕೈಯಲ್ಲಿ. ಮೊದಲನೇ ದಿನದಿಂದ ನನ್ನನ್ನು ಅವನು ಅಕ್ಕ ಎಂದೇ ಕರೆದದ್ದು.

ಅವನು ಚಕ್ರದ ಮೇಲಿನ ಗೂಡಿನೊಳಗೆ ಕೈ ಹಾಕಿ ಕಪ್ಪು ಚೂರುಗಳನ್ನು ಕೆರೆದು ತೆಗೆದ. ಅಗಿದು ಉಗಿದ ಚೂಯಿಂಗ್ ಗಮ್ಮಿನಂತಿದ್ದವು.

"ಶಿವಗಂಗೆ ರೋಡಲ್ಲಿ ಟೈರ್ ಹಿಂಗೆ ಕರಗಲ್ಲ ಅಕ್ಕ. ಇದು ಟ್ರ್ಯಾಕಲ್ಲಿ ಓಡಿರೋ ಗಾಡಿ" ಎಂದ.

ಟ್ರ್ಯಾಕ್ ಡೇ ಎಂಬುದೊಂದು ಇದೆಯೆಂದು ನನಗೆ ತಿಳಿದದ್ದೇ ಹೀಗೆ, ಒಂದು ಸುಳ್ಳಿನ ಹಿಂದೆ ಬಿದ್ದು. ನಿಮ್ಮ ನಿಮ್ಮ ಕಾರನ್ನೇ ತೆಗೆದುಕೊಂಡು ರೇಸಿನ ಟ್ರ್ಯಾಕಿಗೆ ಹೋಗುವುದು. ಎದುರಿಂದ ಲಾರಿ ಬರುವುದಿಲ್ಲ, ಹಸು ಅಡ್ಡ ಬರುವುದಿಲ್ಲ. ಗೆಲ್ಲುವುದೂ ಇಲ್ಲ ಸೋಲುವುದೂ ಇಲ್ಲ, ಸುಮ್ಮನೆ ನಾಲ್ಕು ಸುತ್ತು ಜೋರಾಗಿ ಓಡಿಸಿ ಬರುವುದು. ಏರ್‌ಪೋರ್ಟ್ ರಸ್ತೆಯಲ್ಲಿ ಒಮ್ಮೆ ಆಸೆಗೆ ಬಿದ್ದು ಕಾಲು ಒತ್ತಿ, ಆಮೇಲೆ ಮೀಟರಿನ ಮುಳ್ಳು ನೋಡಿ ನನಗೇ ಹೆದರಿಕೆಯಾಗಿತ್ತು. ಅದಕ್ಕಿಂತ ಇದು ಒಳ್ಳೆಯದೆನಿಸಿತು.

ಆದರೆ ರಸ್ತೆಯ ಕಾರು ಹಾಗೇ ಟ್ರ್ಯಾಕಿಗೆ ಹೋಗುವಂತಿಲ್ಲ. ಮುಖ್ಯವಾಗಿ ಬ್ರೇಕು. ಮೇಲಿಂದ ಮೇಲೆ ಜೋರಾಗಿ ಬ್ರೇಕು ಒತ್ತಿದರೆ ಒಳಗಿನ ಬ್ರೇಕ್ ಆಯಿಲ್ ಕುದಿಯುತ್ತದಂತೆ, ಕುದಿದರೆ ಪೆಡಲು ನೆಲಕ್ಕೆ ಹೋಗುತ್ತದಂತೆ. ಅದಕ್ಕೆ ಬೇರೆ ಆಯಿಲ್ ಬೇಕು. ಚಕ್ರದ ಹಿಂದೆ ತಿರುಗುವ ಉಕ್ಕಿನ ತಟ್ಟೆಯನ್ನು ಹಿಡಿದು ನಿಲ್ಲಿಸುವ ಪ್ಯಾಡುಗಳಿಗೂ ಶಾಖ ತಡೆಯುವ ಜಾತಿಯವು ಬೇಕು. ಇಷ್ಟನ್ನು ಮುನಿರಾಜು ವಿವರಿಸುವಷ್ಟರಲ್ಲಿ ನನ್ನೊಳಗಿನ ಅಪ್ಪ ಎದ್ದು ಕೂತಿದ್ದರು. ಪೈಪಿನೊಳಗಿನ ಆಯಿಲ್ಲು ಯಾರ ಕಣ್ಣಿಗೆ ಕಾಣುತ್ತದೆ? ಚಕ್ರದ ಹಿಂದಿನ ಪ್ಯಾಡನ್ನು ಯಾರು ಬಗ್ಗಿ ನೋಡುತ್ತಾರೆ?

ಹಳೇ ಆಯಿಲ್ಲನ್ನು ಬಾಟಲಿಯಲ್ಲಿ ಹಿಡಿದಿಡು ಎಂದೆ. ಇಟ್ಟ, ಹಳಸಿದ ಕಾಫಿ ಡಿಕಾಕ್ಷನ್ನಿನ ಹಾಗಿತ್ತು. ಅದು ನನ್ನ ಗಾಡಿಯದೇ ಎನ್ನಲು ಏನು ಸಾಕ್ಷಿ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಪ್ಯಾಡುಗಳ ವಿಷಯದಲ್ಲಿ ಮೋಸ ಹೋಗಬಾರದೆಂದು ಆ ಗುಲಾಬಿ ಬಾಟಲಿ ಕೊಂಡು, ಗಾಡಿಯನ್ನು ಅವನ ಹತ್ತಿರ ಬಿಡುವ ಮುಂಚೆ ನಮ್ಮ ಮನೆಯ ಷೆಡ್ಡಿನಲ್ಲಿ ಬೋರಲು ಬಿದ್ದು, ಚಕ್ರದ ಸಂದಿನಿಂದ ಬ್ರಷ್ಷು ತೂರಿಸಿ, ಕೈಗೆಟುಕಿದ ಹಳೇ ಪ್ಯಾಡುಗಳ ಬೆನ್ನಿಗೆಲ್ಲ ಒಂದೊಂದು ಚುಕ್ಕೆ ಇಟ್ಟೆ. ಹಲ್ಲಿನ ಸಂದಿನಲ್ಲಿ ಕೆಲಸ ಮಾಡಿದ ಅನುಭವ ಕೈಹಿಡಿಯಿತು. ನಾಲ್ಕು ದಿನ ಬಿಟ್ಟು ಮುನಿರಾಜು ಹಳೇ ಪ್ಯಾಡುಗಳನ್ನು ಪೇಪರಿನಲ್ಲಿ ಸುತ್ತಿ ತಂದುಕೊಟ್ಟ. ಬಿಚ್ಚಿ ನೋಡಿದರೆ ಎಲ್ಲ ಚುಕ್ಕೆಗಳೂ ಮೇಲ್ಮುಖವಾಗಿರುವಂತೆ ಸಾಲಾಗಿ ಜೋಡಿಸಿದ್ದ. ನಾಚಿಕೆಯಾಗಬೇಕಿತ್ತು, ನಿಜ ಹೇಳಬೇಕೆಂದರೆ, ಸಮಾಧಾನವಾಯಿತು.

ಶನಿವಾರ ಮಧ್ಯಾಹ್ನ ಅವನು ಗಾಡಿಯನ್ನು ಮನೆಗೇ ತಂದ. ನಾವಿರುವುದು ದೊಡ್ಡಬಳ್ಳಾಪುರದ ಅಂಚಿನಲ್ಲಿ. ಅಪ್ಪ ನಮ್ಮ ಜತೆಗೇ ಇದ್ದಾರೆ, ಎಂಬತ್ತೆರಡು ದಾಟಿದೆ. ಅವರು ಜಗಲಿಯಲ್ಲಿ ಕೂತು ನೋಡುತ್ತಿದ್ದ ಹಾಗೇ ಮುನಿರಾಜು ಅಂಗಳದಲ್ಲಿ ಚಕ್ರ ಬಿಚ್ಚಿ, ನಾಲ್ಕೂ ತಟ್ಟೆಗಳಿಗೆ ಏನೋ ಸ್ಪ್ರೇ ಹೊಡೆದು, ಬಿಳಿ ಬಟ್ಟೆಯಲ್ಲಿ ಕನ್ನಡಿಯಂತೆ ಒರೆಸಿದ. ಕಾರಿನೊಳಗಿಂದ ಛತ್ರಿ, ನೀರಿನ ಬಾಟಲಿ, ಕಾಲೊರಸು ಎಲ್ಲ ತೆಗೆದಿಟ್ಟ. ಡ್ಯಾಶ್‌ಬೋರ್ಡಿನ ಮೇಲಿನ ಗಣಪನನ್ನೂ ಕಿತ್ತು ನನ್ನ ಕೈಗೆ ಕೊಟ್ಟ, ಅಲ್ಲಾಡುವುದೇನೂ ಒಳಗಿರಬಾರದಂತೆ. ಅವನು ಹೋದ ಮೇಲೆ ಅಪ್ಪ ಒಳಗೆ ಬಂದರು. ನಾನು ಕನ್ನಡಿ ಮುಂದೆ ಹೊಸ ಹೆಲ್ಮೆಟ್ ಹಾಕಿಕೊಂಡು, ನನ್ನನ್ನು ನಾನೇ ಮೆಚ್ಚಿಕೊಳ್ಳುತ್ತಾ ನಿಂತಿದ್ದೆ.

"ಅಮ್ಮಣ್ಣಿ, ಚಕ್ರ ಒಣಗೋಗೈತೆ ಕಣವ್ವ. ಆ ಮುನಿರಾಜ ಇದ್ದಿದ್ದನ್ನೂ ಒರೆಸ್ಕೊಂಡು ಹೋದ" ಎಂದರು.

"ಹೂಂ ಅಪ್ಪ" ಎಂದೆ. ಗಮನವೆಲ್ಲ ಹೆಲ್ಮೆಟ್ಟಿನ ಮೇಲಿತ್ತು.

ಭಾನುವಾರ ಬೆಳಗ್ಗೆ ಆರು ಗಂಟೆಗೆ ಹೊರಟೆ. ಮನೆಯವರು ಯಾವುದೋ ಪರೀಕ್ಷೆಯ ಡ್ಯೂಟಿಗೆ ಹೋಗಿದ್ದರು. ಗೇಟಿನ ಹತ್ತಿರ ಬ್ರೇಕು ಒತ್ತಿದಾಗ ಗಾಡಿ ನಿಲ್ಲಲು ಯಾಕೋ ಸ್ವಲ್ಪ ಸಮಯ ತೆಗೆದುಕೊಂಡಿತು. ಇಬ್ಬನಿ ಇರಬೇಕು ಎಂದುಕೊಂಡೆ. ಜಗತ್ತಿನಲ್ಲಿ ಎಲ್ಲವನ್ನೂ ಅನುಮಾನಿಸುವ ನಾನು ಆ ಒಂದು ಕ್ಷಣ ಮಾತ್ರ ಅನುಮಾನಿಸಲಿಲ್ಲ. ನಮ್ಮ ಬೀದಿ ಇಳಿಜಾರಾಗಿ ಹೋಗಿ ದೊಡ್ಡ ರಸ್ತೆಗೆ ಸೇರುತ್ತದೆ. ಅಲ್ಲಿ ಹಾಲಿನ ಲಾರಿಯೊಂದು ಹೋಗುತ್ತಿತ್ತು. ಬ್ರೇಕು ಒತ್ತಿದೆ. ಪೆಡಲು ಗಟ್ಟಿಯಾಗಿಯೇ ಇತ್ತು, ಗಾಡಿ ಮಾತ್ರ ನಿಲ್ಲಲಿಲ್ಲ; ಬೆಣ್ಣೆಯ ಮೇಲೆ ಜಾರಿದ ಹಾಗೆ ಹೋಗುತ್ತಲೇ ಇತ್ತು. ಹ್ಯಾಂಡ್ ಬ್ರೇಕ್ ಎಳೆದೆ, ಅದೂ ಅಷ್ಟಕ್ಕಷ್ಟೇ. ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದೆ. ಕಾರಿನ ಕೆಂಪು ಮೂತಿ ರಸ್ತೆ ಬದಿಯ ರಾಗಿ ಹುಲ್ಲಿನ ಮೆದೆಯೊಳಗೆ ಹೊಕ್ಕು ನಿಂತಿತು.

ಲಾರಿ ಹೋಯಿತು. ಗಾಜಿನ ಮೇಲೆ ಹುಲ್ಲು ಸುರಿಯುತ್ತಿತ್ತು. ಜೀವ ಬಾಯಿಗೆ ಬಂದಿತ್ತು. ಅದು ವಾಪಸ್ಸು ಎದೆಗೆ ಇಳಿಯುವ ಮೊದಲೇ ಮುನಿರಾಜುವಿಗೆ ಫೋನು ಮಾಡಿದೆ.

"ನನ್ನ ಸಾಯಿಸ್ಬೇಕು ಅಂತಿದ್ಯಾ? ಹೊಸ ಪ್ಯಾಡ್ ಹಾಕಿದ್ಯೋ, ಇಲ್ಲಾ ಯಾರ್ದೋ ಗಾಡೀದು ಬಿಚ್ಚಿ ಹಾಕಿದ್ಯೋ? ನಿನ್ನ ನಂಬಿ ಗಾಡಿ ಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ."

ಆ ಕಡೆ ಬಾಗಿಲ ಚಿಲಕ ತೆಗೆದ ಸದ್ದಾಯಿತು.

"ಬರ್ತೀನಿ ಮೇಡಂ" ಎಂದ.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನ ಬಾಯಿಂದ ಮೇಡಂ ಎಂಬ ಮಾತು ಕೇಳಿದ್ದು. ಹೇಳಬಾರದ್ದನ್ನು ಹೇಳಿದೆನೆಂದು ಆ ಕ್ಷಣದಲ್ಲೇ ಗೊತ್ತಾಯಿತು. ಆದರೂ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ತಪ್ಪು ಮಾಡಿದವನೇ ಬಿಗುಮಾನ ತೋರಿಸುತ್ತಾನೆ ಎಂದುಕೊಂಡು ಹುಲ್ಲು ಕೊಡವುತ್ತಾ ನಿಂತೆ.

ಹದಿನೈದು ನಿಮಿಷದಲ್ಲಿ ಸ್ಕೂಟರಿನಲ್ಲಿ ಬಂದ. ತಲೆ ಬಾಚಿರಲಿಲ್ಲ. ನನ್ನ ಮುಖ ನೋಡದೆ ಗಾಡಿಯನ್ನು ಮೆದೆಯಿಂದ ಹಿಂದಕ್ಕೆ ತೆಗೆದು, ಜಾಕ್ ಕೊಟ್ಟು, ಮುಂದಿನ ಚಕ್ರ ಬಿಚ್ಚಿದ. ತಟ್ಟೆಯ ಮೇಲೆ ಬೆರಳೆಳೆದು ಬೆಳಕಿಗೆ ಹಿಡಿದ. ಬೆರಳು ಮಿರಮಿರ ಮಿಂಚುತ್ತಿತ್ತು. ಮೂಸಿ ನೋಡಿದ. ಇನ್ನೊಂದು ಸಲ ಮೂಸಿದ.

"ಇದು ಹರಳೆಣ್ಣೆ. ನಮ್ಮ ಗ್ಯಾರೇಜಲ್ಲಿ ಹರಳೆಣ್ಣೆ ಇಲ್ಲ ಮೇಡಂ" ಎಂದ.

ಅಷ್ಟರಲ್ಲಿ ಅಪ್ಪ ಕೋಲೂರಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದರು. ದೂರದಿಂದಲೇ ಕೇಳಿದರು: "ಯಾಕಮ್ಮಣ್ಣಿ ನಿಂತ್ಬುಟ್ಟೆ? ಎಣ್ಣೆ ಸಾಲ್ದಾಯ್ತಾ?"

ನಾನೂ ಮುನಿರಾಜುವೂ ಒಬ್ಬರನ್ನೊಬ್ಬರು ನೋಡಿದೆವು.

ನಮ್ಮೂರಲ್ಲಿ ಎತ್ತಿನ ಗಾಡಿ ದೂರದ ದಾರಿಗೆ ಹೊರಡುವ ಮುನ್ನಾ ದಿನ ಅಚ್ಚಿಗೆ ಕೀಲೆಣ್ಣೆ ಬಿಡಬೇಕು. ಹರಳೆಣ್ಣೆಗೆ ಹುಲ್ಲು ಸುಟ್ಟ ಮಸಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೇ ನೇತು ಹಾಕಿರುತ್ತಿದ್ದರು. ಎಣ್ಣೆ ಕಾಣದ ಗಾಡಿ ಕೀರಲು ಕೂಗುತ್ತಾ ಹೊರಟರೆ ಮನೆಯ ಯಜಮಾನನಿಗೆ ಅವಮಾನ. ಈ ಕೆಲಸವನ್ನು ಅಪ್ಪ ಆಳುಗಳ ಕೈಗೆ ಒಂದು ದಿನವೂ ಬಿಟ್ಟವರಲ್ಲ. ಎಣ್ಣೆ ಉಳಿಸಿಕೊಂಡು ಸುಮ್ಮನೆ ಮಸಿ ಬಳಿಯುತ್ತಾರೆಂಬ ಗುಮಾನಿ. ಮಗಳು ದೂರ ಹೊರಟಿದ್ದಾಳೆ, ಮೆಕ್ಯಾನಿಕ್ಕು ಇದ್ದಬದ್ದ ಜಿಡ್ಡನ್ನೆಲ್ಲ ಒರೆಸಿಕೊಂಡು ಹೋಗಿದ್ದಾನೆ. ಅವರು ಸುಮ್ಮನಿರುವುದು ಹೇಗೆ?

"ರಾತ್ರಿನೇ ನಾಲ್ಕಕ್ಕೂ ಬಿಟ್ಟಿದೀನಿ. ಕೋಳಿ ಪುಕ್ಕದಲ್ಲಿ ಸವರಿದೀನಿ. ಒಳಗಡೆ ಹೊಳಿಯೋ ತಟ್ಟೆ ಐತಲ್ಲ, ಅದು ಪೂರಾ ಒಣಗಿತ್ತು, ಅದಕ್ಕೂ" ಎಂದರು ಅಪ್ಪ. ಆಮೇಲೆ ನಮ್ಮ ಮುಖಗಳನ್ನು ನೋಡಿದರು, ಹುಲ್ಲಿನ ಮೆದೆಯಲ್ಲಿ ಕಾರು ಮಾಡಿದ ಗುಳಿಯನ್ನು ನೋಡಿದರು. "ಅದಕ್ಕೇ ಹಿಂಗಾಯ್ತಾ?"

ನಾನು ಬಾಯಿ ತೆರೆಯುವ ಮೊದಲೇ ಮುನಿರಾಜು ಎದ್ದು ಕೈ ಒರೆಸಿಕೊಂಡ.

"ಇಲ್ಲ ಗೌಡ್ರೇ, ತಪ್ಪು ನಂದು. ಈ ಗಾಡಿ ಚಕ್ರಕ್ಕೆ ಎಣ್ಣೆ ಒಳಗಡೆನೇ ಇರ್ತದೆ, ಮೇಲೆ ಬಿಡೋ ಹಂಗಿಲ್ಲ ಅಂತ ನಿನ್ನೇನೇ ನಿಮಗೆ ಹೇಳ್ಬೇಕಿತ್ತು. ನೀವು ಕೂತು ನೋಡ್ತಿದ್ರಿ, ನಾನು ಹೇಳಲಿಲ್ಲ. ಒಂದು ಬಕೆಟ್ ಸೋಪಿನ ನೀರು ತರ್ಸಿ, ನೀವೇ ಹುಯ್ಯಿರಂತೆ, ನಾನು ಉಜ್ತೀನಿ."

ಅವನು ಮಾಡದ ತಪ್ಪನ್ನು ನಾನು ಅವನ ತಲೆಗೆ ಕಟ್ಟಿದ್ದೆ. ಮಾಡದ ಇನ್ನೊಂದನ್ನು ಅವನೇ ಹೊತ್ತುಕೊಂಡ. ಅಪ್ಪ ಚೊಂಬಿನಲ್ಲಿ ನೀರು ಹುಯ್ದರು, ಅವನು ಉಜ್ಜಿದ. ನಾಲ್ಕೂ ತಟ್ಟೆಗಳನ್ನು ತೊಳೆದು, ಸ್ಪ್ರೇ ಹೊಡೆದು, ಒಣಗಿಸಿದ್ದಾಯಿತು. ಹೊಸ ಪ್ಯಾಡುಗಳು ಎಣ್ಣೆ ಕುಡಿದಿದ್ದವು, ಇನ್ನು ಕೆಲಸಕ್ಕೆ ಬಾರವು.

"ಆ ಹಳೇ ಪ್ಯಾಡು ತನ್ನಿ ಮೇಡಂ, ನೀವು ಗುರ್ತು ಇಟ್ಟಿದ್ರಲ್ಲ, ಅವು. ಇನ್ನೂ ಸವೆದಿಲ್ಲ. ನಾಲ್ಕು ಸುತ್ತು ಓಡ್ಸಿ ತಣ್ಣಗಾಗಕ್ಕೆ ಬಿಟ್ರೆ ತಡೀತವೆ" ಎಂದ.

ತಂದುಕೊಟ್ಟೆ. ಎಲ್ಲಿ ನೋಡಬೇಕೋ ತಿಳಿಯಲಿಲ್ಲ. "ಮುನಿರಾಜು, ಫೋನಲ್ಲಿ ನಾನು ಅಂದಿದ್ದು..." ಎಂದು ಶುರು ಮಾಡಿದೆ.

"ಗುರ್ತು ಇಟ್ಟಿದ್ದಕ್ಕೆ ನಾನೇನೂ ಅಂದ್ಕೊಳ್ಳಲಿಲ್ಲ ಮೇಡಂ. ಎಲ್ರೂ ನೋಡ್ಕೊಳ್ಳೋದೇ. ಸಾಯಿಸ್ಬೇಕು ಅಂತಿದ್ಯಾ ಅಂದ್ರಲ್ಲ..." ಎಂದವನು ಬೋಲ್ಟು ಬಿಗಿದ. ಬೀದಿಯಲ್ಲಿ ಹತ್ತು ಸಲ ಓಡಿಸಿ, ಹತ್ತು ಸಲ ಗಕ್ಕನೆ ನಿಲ್ಲಿಸಿ ನೋಡಿದ. ಆಮೇಲೆ ಸ್ಕೂಟರನ್ನು ನಮ್ಮ ಗೇಟಿನೊಳಗೆ ನಿಲ್ಲಿಸಿದ. "ಟ್ರ್ಯಾಕಿಗೆ ನಾನೂ ಬರ್ತೀನಿ. ಕೆಲಸದ ಮೇಲೆ ಮಾತು ಬಂದೈತೆ, ನೋಡ್ಕೊಂಡೇ ಹೋಗ್ಬೇಕು. ಇನ್ಮೇಲೆ ನೀವು ಗಾಡಿ ಬೇರೆ ಕಡೆ ತೋರಿಸ್ಕೊಳ್ಳಿ."

ಒಂದೂವರೆ ಗಂಟೆ ದಾರಿ, ಅವನು ಕಿಟಕಿ ಇಳಿಸಿ ಚಕ್ರದ ಸದ್ದಿಗೆ ಕಿವಿ ಕೊಟ್ಟು ಕೂತಿದ್ದ. ಬೇರೆ ಮೆಕ್ಯಾನಿಕ್ಕು ಸಿಗುತ್ತಾನೆ, ಬೆಂಗಳೂರೇನು ದೂರವೇ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ನನಗೆ ತಮ್ಮಂದಿರಿಲ್ಲ. ಹನ್ನೊಂದು ವರ್ಷ ಒಬ್ಬ ಅಕ್ಕ ಎನ್ನುತ್ತಿದ್ದುದನ್ನು ಗಾಳಿ ಬೆಳಕಿನಷ್ಟೇ ಸಲೀಸಾಗಿ ತೆಗೆದುಕೊಂಡಿದ್ದೆ. ಅದನ್ನು ನಾನೇ ಕಳೆದುಕೊಂಡಿದ್ದೆ.

ಟ್ರ್ಯಾಕಿನ ಬಾಗಿಲಲ್ಲೇ ತಪಾಸಣೆ. ಒಬ್ಬ ದಪ್ಪ ಮೀಸೆಯವರು ಪ್ರತಿ ಚಕ್ರವನ್ನೂ ಹಿಡಿದು ಅಲುಗಿಸಿದರು, ಸೀಟ್ ಬೆಲ್ಟು ಜಗ್ಗಿದರು, ಸೀಟಿನ ಕೆಳಗೆ ಟಾರ್ಚು ಬಿಟ್ಟರು. ಎಲ್ಲ ಸರಿಯಿದೆ ಸಾರ್ ಎಂದ ಪ್ರತಿಯೊಬ್ಬರಿಗೂ ತಲೆಯಾಡಿಸುತ್ತಲೇ ಮತ್ತೆ ಬಗ್ಗಿ ನೋಡುತ್ತಿದ್ದರು. ಬೇರೆ ದಿನವಾಗಿದ್ದರೆ ಅವರ ಕಾಲಿಗೆ ಬೀಳುವಷ್ಟು ಗೌರವ ಬರುತ್ತಿತ್ತು. ಅಂದು ನೋಡಲು ಬೇಸರವಾಯಿತು. ಜತೆಗೊಬ್ಬರು ಕೂರಬಹುದು, ಹೆಲ್ಮೆಟ್ ಇದ್ದರೆ ಆಯಿತು ಎಂದರು. ಮುನಿರಾಜು ಯಾರಲ್ಲೋ ಹೆಲ್ಮೆಟ್ ಕೇಳಿ ತಂದು ಪಕ್ಕದಲ್ಲಿ ಕೂತ.

"ಹೋಗೋಣ ಮೇಡಂ. ಬ್ರೇಕ್ ಹಿಡೀಲಿಲ್ಲ ಅಂದ್ರೆ ನಾನೂ ಒಳಗೇ ಇರ್ತೀನಲ್ಲ" ಎಂದ.

ಉದ್ದನೆಯ ನೇರ ದಾರಿಯ ಕೊನೆಗೆ ತಿರುವು. ತಿರುವಿಗೆ ಇನ್ನೆಷ್ಟು ದೂರ ಎಂದು ತೋರಿಸಲು ನೂರೈವತ್ತು, ನೂರು, ಐವತ್ತು ಎಂದು ಬರೆದ ಹಲಗೆಗಳು. ಮೊದಲ ಸುತ್ತಿನಲ್ಲಿ ನೂರೈವತ್ತು ಕಾಣುವುದಕ್ಕೂ ಮುಂಚೆ ಬ್ರೇಕು ಒತ್ತಿದೆ. ಅವನು ಎದುರಿಗೇ ನೋಡುತ್ತಾ, "ನೂರರ ತನಕ ಹೋಗ್ಬಹುದು ಮೇಡಂ" ಎಂದ. ಎರಡನೇ ಸುತ್ತು ನೂರೈವತ್ತರ ಹತ್ತಿರ. ಮೂರನೇ ಸುತ್ತು ನೂರಕ್ಕೆ ಸರಿಯಾಗಿ. ಗಾಡಿ ನೆಲ ಕಚ್ಚಿ ಹಿಡಿಯಿತು, ಬೆಲ್ಟು ಎದೆಗೊತ್ತಿತು. ನಾಲ್ಕನೇ ಸುತ್ತಿನಲ್ಲಿ ನನಗೇನಾಯಿತೋ, ಇವತ್ತಾದರೂ ಒಂದು ಸಲ ಇವನನ್ನು ಪೂರ್ತಿ ನಂಬಿಬಿಡಬೇಕು ಎನಿಸಿತು. ನೂರರ ಹಲಗೆ ಬಂತು, ಹೋಯಿತು. ಕಾಲು ಎತ್ತಲಿಲ್ಲ.

"ಬ್ರೇಕು... ಅಕ್ಕ, ಬ್ರೇಕು ಅಕ್ಕ... ಅಕ್ಕ, ಒತ್ತಕ್ಕ..."

ಒತ್ತಿದೆ. ಹಿಡಿಯಿತು. ಗಾಡಿ ತಿರುವಿನ ಅಂಚಿನವರೆಗೂ ಹೋಗಿ, ಹೇಗೋ ಟ್ರ್ಯಾಕಿನೊಳಗೇ ಉಳಿಯಿತು.

ಗಾಡಿಯನ್ನು ನಿಧಾನವಾಗಿ ತಂದು ನಿಲ್ಲಿಸಿ ಎಂಜಿನ್ ಆರಿಸಿದೆ. ಬ್ರೇಕಿನಿಂದ ಸುಟ್ಟ ವಾಸನೆ ಬರುತ್ತಿತ್ತು. ಏನು ಕರೆದನೆಂದು ಅವನಿಗೆ ಗೊತ್ತಾದ ಹಾಗಿರಲಿಲ್ಲ. ನನಗೆ ಗೊತ್ತಾಗಿತ್ತು, ಕಣ್ಣು ತುಂಬಿಬಿಟ್ಟಿತ್ತು, ಹೆಲ್ಮೆಟ್ಟಿನೊಳಗೆ ಒರೆಸಿಕೊಳ್ಳುವುದಕ್ಕೂ ಆಗುತ್ತಿರಲಿಲ್ಲ. ಮುಖ ಮರೆಸಲು ಕೆಳಗೆ ನೋಡಿದೆ. ಅವನ ಬಲಗಾಲು ಅವನ ಕಡೆಯ ಬರೀ ನೆಲವನ್ನು ಬಲವಾಗಿ ಒತ್ತಿಕೊಂಡಿತ್ತು, ಅಲ್ಲೊಂದು ಬ್ರೇಕು ಇರುವ ಹಾಗೆ.

"ಏನೋ ಮುನಿರಾಜು, ನೀನೇ ಹಾಕಿದ ಬ್ರೇಕಲ್ವೇನೋ? ನಿನಗೇ ನಂಬಿಕೆ ಇರ್ಲಿಲ್ವಾ?"

"ಬ್ರೇಕ್ ಮೇಲೆ ಇತ್ತು ಅಕ್ಕ" ಎಂದ, ಕಾಲನ್ನು ಇನ್ನೂ ಎತ್ತದೆ.